ಚೆರ್ನೋಬಿಲ್ ಮಕ್ಕಳ ಬೇಸಿಗೆ: ಹೊರದೇಶಕ್ಕೆ ಕರೆಸಬೇಕೇ, ಊರಲ್ಲೇ ನೋಡಿಕೊಳ್ಳಬೇಕೇ?

1986ರ ಏಪ್ರಿಲ್ 26ರ ನಸುಕಿನಲ್ಲಿ ಚೆರ್ನೋಬಿಲ್ ಅಣು ವಿದ್ಯುತ್ ಸ್ಥಾವರದ ನಾಲ್ಕನೇ ರಿಯಾಕ್ಟರ್ ಸಿಡಿಯಿತು. ಸ್ಥಾವರ ಇದ್ದದ್ದು ಉಕ್ರೇನಿನಲ್ಲಿ. ಆದರೆ ಗಾಳಿ ಮಳೆಗಳು ವಿಕಿರಣದ ಧೂಳನ್ನು ಹೆಚ್ಚಾಗಿ ಸುರಿದದ್ದು ಪಕ್ಕದ ಬೆಲಾರೂಸ್‌ನ ಗೋಮೆಲ್, ಮೊಗಿಲೆವ್ ಪ್ರಾಂತಗಳ ಹೊಲ, ಕಾಡು, ಜೌಗು ನೆಲಗಳ ಮೇಲೆ. 1990ರ ದಶಕದ ಆರಂಭದಿಂದ ಐರ್ಲೆಂಡ್, ಬ್ರಿಟನ್, ಇಟಲಿ, ಜರ್ಮನಿ, ಸ್ಪೇನ್‌ಗಳ ಸಾಮಾನ್ಯ ಕುಟುಂಬಗಳು ಚಂದಾ ಎತ್ತಿ ಅಲ್ಲಿನ ಮಕ್ಕಳನ್ನು ಬೇಸಿಗೆಯಲ್ಲಿ ಸುಮಾರು ಒಂದು ತಿಂಗಳು ಮನೆಗೆ ಕರೆಸಿಕೊಂಡವು. ಕೋವಿಡ್ ಮತ್ತು 2022ರ ಯುದ್ಧ ಈ ಓಡಾಟಕ್ಕೆ ತಡೆ ಹಾಕಿದವು. ಯುದ್ಧದಲ್ಲಿ ಬೆಂದ ಉಕ್ರೇನಿನ ಮಕ್ಕಳಿಗೂ ಇದೇ ದಾರಿ ಸರಿಯೇ ಎಂದು ಈಗ ಯೋಚಿಸುವವರಿಗೆ ಆ ಮೂರು ದಶಕಗಳ ಅನುಭವವೇ ಆಧಾರ.

ಪರ: ಕರೆಸಿಕೊಳ್ಳಿ, ಆದರೆ ಅಚ್ಚುಕಟ್ಟಾಗಿ

ಮೊದಲು ದೇಹದ ಲೆಕ್ಕ ನೋಡೋಣ. ಆ ಧೂಳಿನಲ್ಲಿದ್ದು ಊಟದ ಮೂಲಕ ಮೈ ಸೇರುವ ವಿಕಿರಣ ವಸ್ತು ಸೀಸಿಯಂ-137. ಅದರ ಅರ್ಧಾಯುಷ್ಯ, ಅಂದರೆ ಅರ್ಧದಷ್ಟು ಕರಗಲು ಬೇಕಾದ ಕಾಲ, ಸುಮಾರು 30 ವರ್ಷ, ಹಾಗಾಗಿ ಮಣ್ಣು ಶುದ್ಧವಾಗಲು ತಲೆಮಾರುಗಳೇ ಬೇಕು. ಮೈಯಲ್ಲಿ ಮಾತ್ರ ಅದು ಅಷ್ಟು ಕಾಲ ನಿಲ್ಲುವುದಿಲ್ಲ. ಪೊಟ್ಯಾಸಿಯಂ ಹೋಗುವ ದಾರಿಯಲ್ಲೇ ಹೋಗಿ ಸ್ನಾಯುಗಳಲ್ಲಿ ಸೇರಿಕೊಳ್ಳುತ್ತದೆ, ಹೆಚ್ಚಾಗಿ ಮೂತ್ರದಲ್ಲಿ ಹೊರಬೀಳುತ್ತದೆ. ದೊಡ್ಡವರ ಮೈಯಿಂದ ಅರ್ಧದಷ್ಟು ಹೋಗಲು ನೂರು ದಿನಗಳ ಆಸುಪಾಸು ಬೇಕು. ಹತ್ತು ವರ್ಷದ ಮಗುವಿಗೆ ಸುಮಾರು 50 ದಿನ, ಐದು ವರ್ಷದ ಮಗುವಿಗೆ ಸುಮಾರು 30 ದಿನ ಸಾಕು. ಅಂದರೆ ಹತ್ತು ವರ್ಷದ ಹುಡುಗಿ ನಾಲ್ಕು ವಾರ ಶುದ್ಧ ಆಹಾರ ತಿಂದರೆ ಮೈಯಲ್ಲಿದ್ದುದರಲ್ಲಿ ಮೂರನೇ ಒಂದು ಭಾಗ ಹೋಗುತ್ತದೆ. ಅದೇ ಎರಡು ವಾರಕ್ಕೆ ಕರೆಸಿದರೆ ಐದನೇ ಒಂದು ಭಾಗವೂ ಹೋಗುವುದಿಲ್ಲ. ಖರ್ಚು ಉಳಿಸಲೆಂದು ದಿನಗಳನ್ನು ಕತ್ತರಿಸುವ ಸಂಘಗಳು ಇದನ್ನು ಗಮನಿಸಬೇಕು. ವಿಮಾನದ ಟಿಕೆಟ್ ಎರಡು ವಾರಕ್ಕೂ ಅಷ್ಟೇ, ನಾಲ್ಕು ವಾರಕ್ಕೂ ಅಷ್ಟೇ.

ಇಷ್ಟಕ್ಕೇ ಯಾರನ್ನೂ ಸಾವಿರಾರು ಕಿಲೋಮೀಟರ್ ಆಚೆ ಕರೆದೊಯ್ಯಬೇಕಿಲ್ಲ ಎಂಬುದು ನಿಜ. ಮುಖ್ಯ ಲಾಭ ಇರುವುದು ಬೇರೆ ಕಡೆ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಸೇರಿದ್ದ ಚೆರ್ನೋಬಿಲ್ ಫೋರಂ 2005ರಲ್ಲಿ ಈ ದುರಂತ ಹುಟ್ಟುಹಾಕಿದ ಅತಿ ದೊಡ್ಡ ಸಾರ್ವಜನಿಕ ಆರೋಗ್ಯ ಸಮಸ್ಯೆ ಎಂದು ಕರೆದದ್ದು ಮಾನಸಿಕ ಆರೋಗ್ಯವನ್ನು. ಕಾಡಿಗೆ ಹೋಗಬೇಡ, ಅಣಬೆ ಮುಟ್ಟಬೇಡ, ಆ ಹಣ್ಣು ಬಾಯಿಗೆ ಹಾಕಬೇಡ ಎಂದು ಕೇಳುತ್ತಲೇ ಬೆಳೆದ ಮಗುವಿಗೆ ಬೇಲಿಯಲ್ಲಿ ಬಿಟ್ಟ ಬ್ಲ್ಯಾಕ್‌ಬೆರಿಯನ್ನು ಕಿತ್ತು ಹಾಗೇ ತಿನ್ನಬಹುದೆಂದು ತಿಳಿಯುವುದು ಸಣ್ಣ ಸಂಗತಿಯಲ್ಲ. 2011ರ ಫುಕುಶಿಮಾ ದುರಂತದ ನಂತರ ಜಪಾನಿನ ಸ್ವಯಂಸೇವಕರೂ ಅಲ್ಲಿನ ಮಕ್ಕಳನ್ನು ಹೊಕ್ಕೈಡೊ, ಒಕಿನಾವಾಗಳಿಗೆ ಕರೆದೊಯ್ದರು. ಮರಳಿನಲ್ಲಿ, ಹುಲ್ಲಿನ ಮೇಲೆ ಹೊರಳಾಡಿ ಆಡಲು ಬಿಡುವುದೇ ಅಲ್ಲಿಯೂ ಮುಖ್ಯ ಉದ್ದೇಶವಾಗಿತ್ತು.

ಈ ಕೆಲಸ ನಡೆಯುವುದು ಸಣ್ಣ ಊರಿನ ಸಂಘಗಳಿಂದ. ಹತ್ತು ಹನ್ನೆರಡು ಮಕ್ಕಳ ಒಂದು ತಂಡ, ಜೊತೆಗೆ ಅವರ ಭಾಷೆ ಬಲ್ಲ ಒಬ್ಬ ಶಿಕ್ಷಕಿ, ಮನೆಗೆ ಇಬ್ಬರಂತೆ ಐದಾರು ಕುಟುಂಬ. ಇಷ್ಟಿದ್ದರೆ ಸುಧಾರಿಸಬಹುದು. ಇಬ್ಬರನ್ನು ಒಂದೇ ಮನೆಯಲ್ಲಿ ಇಡಲೇಬೇಕು. ಒಂಟಿ ಮಗು ಭಾಷೆ ಬಾರದ ಮನೆಯಲ್ಲಿ ಮೂಕವಾಗಿಬಿಡುತ್ತದೆ. ಕುಟುಂಬ ಕೊಡುವುದು ಹಾಸಿಗೆ, ಊಟ, ಸಂಜೆ ಮತ್ತು ವಾರಾಂತ್ಯ. ವಿಮಾನ, ವೀಸಾ, ವಿಮೆ, ಶಿಕ್ಷಕಿಯ ಖರ್ಚು, ಹಗಲಿನ ಚಟುವಟಿಕೆಗಳಿಗೆ ಬಸ್ಸು, ಇವೆಲ್ಲ ಸಂಘದ ಚಂದಾದಿಂದ. ಮನೆಯಲ್ಲಿರುವ ಪ್ರತಿಯೊಬ್ಬ ವಯಸ್ಕರ ಪೊಲೀಸ್ ಪರಿಶೀಲನೆ ಮುಗಿಯುವ ಮುನ್ನ ಟಿಕೆಟ್ ಕೊಳ್ಳಬಾರದು. ಆ ಕಾಗದ ತಿಂಗಳುಗಟ್ಟಲೆ ಎಳೆಯುತ್ತದೆ. ಜೂನ್‌ನಲ್ಲಿ ಮಕ್ಕಳು ಬರಬೇಕಾದರೆ ಹಿಂದಿನ ಅಕ್ಟೋಬರ್‌ನಲ್ಲೇ ಅರ್ಜಿ ಹಾಕುವುದು ಒಳ್ಳೆಯದು. ಹಲ್ಲು, ಕಣ್ಣು, ತುರ್ತು ಚಿಕಿತ್ಸೆಗೆ ತಂದೆ-ತಾಯಿಯ ಒಪ್ಪಿಗೆ ಪತ್ರ ಎರಡೂ ಭಾಷೆಯಲ್ಲಿ ಇರಬೇಕು, ಮೂಲಪ್ರತಿ ಶಿಕ್ಷಕಿಯ ಚೀಲದಲ್ಲೇ ಇರಬೇಕು.

ಕಷ್ಟವೆಲ್ಲ ಮೊದಲ ನಾಲ್ಕು ರಾತ್ರಿಗಳದ್ದು. ಮನೆ ನೆನಪಾಗಿ ಅಳು, ಹಾಸಿಗೆ ಒದ್ದೆ, ಊಟ ಬೇಡವೆಂಬ ಹಟ. ಮಲಗುವ ಮುನ್ನ ಅಮ್ಮನಿಗೆ ಫೋನ್ ಮಾಡಿಸಿದರೆ ಅಳು ಜಾಸ್ತಿ. ಬೆಳಗಿನ ತಿಂಡಿ ಆದ ಮೇಲೆ ಮಾಡಿಸಬೇಕು. ಮೊದಲ ವಾರ ಆಲೂಗಡ್ಡೆ, ಸೌತೆಕಾಯಿ, ಬೀಟ್‌ರೂಟ್ ಸೂಪ್, ಬ್ರೆಡ್ಡಿನಂಥ ಪರಿಚಿತ ಊಟವೇ ಇರಲಿ. ಅಕ್ಕರೆಯಿಂದ ಪಿಜ್ಜಾ, ಐಸ್‌ಕ್ರೀಮ್, ಕೋಲಾ ಸುರಿದರೆ ಎರಡನೇ ದಿನವೇ ಹೊಟ್ಟೆ ಕೆಡುತ್ತದೆ. ಕಡಲತೀರಕ್ಕೆ ಕರೆದೊಯ್ಯುವವರು ಒಂದು ಮಾತು ಮರೆಯಬಾರದು: ಸಮುದ್ರವೇ ಇಲ್ಲದ ದೇಶದ ಮಕ್ಕಳು ಇವರು, ಬಹಳ ಮಂದಿಗೆ ಈಜು ಬರುವುದಿಲ್ಲ, ಅಲೆಯ ಸೆಳೆತ ಗೊತ್ತಿಲ್ಲ. ಆ ತಿಂಗಳಿನಲ್ಲಿ ಅವರ ಪ್ರಾಣಕ್ಕಿರುವ ನಿಜವಾದ ಅಪಾಯ ವಿಕಿರಣದಿಂದ ಅಲ್ಲ, ನೀರಿನಿಂದ.

ಹಲ್ಲಿನ ವೈದ್ಯರ ಬಳಿ ಮೊದಲ ವಾರವೇ ಹೋಗಬೇಕು. ಕೀಳುವ ಹಲ್ಲು ಆಗಲೇ ಕಿತ್ತರೆ ಹೊರಡುವ ಹೊತ್ತಿಗೆ ಗಾಯ ಮಾಯ್ದಿರುತ್ತದೆ. ಹುಳುಕಿಗೆ ತುಂಬುವ ಕೆಲಸ ಎರಡನೇ, ಮೂರನೇ ವಾರಕ್ಕೆ. ಊರಿಗೆ ಹೋದ ಮೇಲೂ ಮುಂದುವರಿಸಬೇಕಾದ ಚಿಕಿತ್ಸೆಯನ್ನು ಶುರುಮಾಡಲೇಬಾರದು. ಕಣ್ಣಿನ ಪರೀಕ್ಷೆಯೂ ಮೊದಲ ವಾರವೇ ಆದರೆ ಕನ್ನಡಕ ಎರಡು ಜೊತೆ ಮಾಡಿಸಲು ಸಮಯ ಸಿಗುತ್ತದೆ. ಒಂದು ಒಡೆದರೆ ಇನ್ನೊಂದು ಇರಲಿ. ಉಡುಗೊರೆಗೆ ಎಲ್ಲ ಮನೆಗೂ ಒಂದೇ ಮಿತಿ, ಒಂದೇ ಸೂಟ್‌ಕೇಸ್ ತೂಕ. ಒಬ್ಬಳಿಗೆ ಸೈಕಲ್, ಇನ್ನೊಬ್ಬಳಿಗೆ ಸ್ವೆಟರ್ ಎಂದಾದರೆ ಬಸ್ಸಿನಲ್ಲೇ ಜಗಳ. ಒಂದು ಅಳತೆ ದೊಡ್ಡದಾದ ಚಳಿಗಾಲದ ಕೋಟು, ಬೂಟು ಎಲ್ಲಕ್ಕಿಂತ ಉಪಯುಕ್ತ.

ಮಗು ಹೊರಟ ಮೇಲೆಯೇ ಈ ವ್ಯವಸ್ಥೆಯ ಅತಿ ದೊಡ್ಡ ಫಲ ಕಾಣುವುದು. ಏಡಿ ರೋಶ್ ಎಂಬ ಸಮಾಜ ಕಾರ್ಯಕರ್ತೆ 1991ರಲ್ಲಿ ಐರ್ಲೆಂಡಿನಲ್ಲಿ ಕಟ್ಟಿದ ಸಂಸ್ಥೆಯ ಮೂಲಕ 25 ಸಾವಿರಕ್ಕೂ ಹೆಚ್ಚು ಮಕ್ಕಳು ಬಂದುಹೋದರು. ಅದೇ ಸಂಸ್ಥೆಯ ಬೆಂಬಲಿಗರು ಮುಂದೆ ಆಂಬುಲೆನ್ಸ್‌ಗಳ ಸಾಲು ಕಳಿಸಿದರು, ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಗೆ ದುಡ್ಡು ಕೂಡಿಸಿದರು. ತಮ್ಮ ಅಡುಗೆಮನೆಯಲ್ಲಿ ಕೂತು ಉಂಡ ಮಗುವಿನ ಊರಿಗಾಗಿ ಜನ ವರ್ಷಗಟ್ಟಲೆ ಕೊಡುತ್ತಾರೆ. ಕರಪತ್ರದಲ್ಲಿ ನೋಡಿದ ಊರಿಗೆ ಒಮ್ಮೆ ಕೊಟ್ಟು ಮರೆಯುತ್ತಾರೆ. ರಜೆಯ ದುಡ್ಡನ್ನು ನೇರ ಕೃಷಿಗೋ ಆಸ್ಪತ್ರೆಗೋ ಕೊಡಿ ಎನ್ನುವವರು, ರಜೆ ಇಲ್ಲದಿದ್ದರೆ ಆ ದುಡ್ಡು ಹುಟ್ಟುತ್ತಲೇ ಇರಲಿಲ್ಲ ಎಂಬುದನ್ನು ಲೆಕ್ಕಕ್ಕೆ ತಂದುಕೊಳ್ಳುವುದಿಲ್ಲ.

ವಿರೋಧ: ಆ ದುಡ್ಡು ಹಸುವಿನ ಹೊಟ್ಟೆಗೆ ಹೋಗಲಿ

ಮೂರನೇ ಒಂದು ಭಾಗ ಹೋಗುತ್ತದೆ ಎಂಬ ಲೆಕ್ಕ ಸರಿ. ಅದನ್ನು ಅರ್ಧಕ್ಕೇ ನಿಲ್ಲಿಸಬಾರದು. ಮಗು ಊರಿಗೆ ಮರಳಿ ಅದೇ ಹಾಲು ಕುಡಿದು ಅದೇ ಅಣಬೆ ತಿಂದರೆ ಸೀಸಿಯಂ ಹೋದ ವೇಗದಲ್ಲೇ ಹಿಂದಿರುಗುತ್ತದೆ. ಐವತ್ತು ದಿನಕ್ಕೆ ನಷ್ಟದ ಅರ್ಧ ತುಂಬಿರುತ್ತದೆ, ಚಳಿಗಾಲ ಕಳೆಯುವ ಹೊತ್ತಿಗೆ ಬಹುತೇಕ ಹಳೆಯ ಮಟ್ಟ. ಜೂನ್-ಜುಲೈಯಲ್ಲಿ ಹೊರದೇಶದಲ್ಲಿದ್ದು ಆಗಸ್ಟ್-ಸೆಪ್ಟೆಂಬರ್‌ನ ಅಣಬೆಯ ಹೊತ್ತಿಗೆ ಮನೆ ತಲುಪಿದರೆ ಇನ್ನೂ ಬೇಗ.

ಈ ಸೀಸಿಯಂ ಬರುವ ದಾರಿ ವಿಜ್ಞಾನಿಗಳಿಗೆ ಚೆನ್ನಾಗಿ ಗೊತ್ತು. ಡೈರಿಯ ಹಾಲು ಪರೀಕ್ಷೆ ಆಗಿ ಬರುತ್ತದೆ, ಬೆಲಾರೂಸ್‌ನಲ್ಲಿ ಲೀಟರಿಗೆ 100 ಬೆಕೆರೆಲ್ (ವಿಕಿರಣ ವಸ್ತುವನ್ನು ಅಳೆಯುವ ಮಾನ) ಮಿತಿ ಇದೆ. ತೊಂದರೆ ಮನೆಯ ಹಿತ್ತಿಲಿನ ಒಂದೇ ಹಸುವಿನದು. ಅದು ಮೇಯುವುದು ಕಾಡಂಚಿನ ಜೌಗಿನಲ್ಲಿ. ಜೇಡಿಮಣ್ಣು ಸೀಸಿಯಂ ಅನ್ನು ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ, ಕೊಳೆತ ಎಲೆ-ಬೇರುಗಳ ಪೀಟ್ ಮಣ್ಣು ಹಿಡಿಯುವುದಿಲ್ಲ, ಬೇರಿಗೆ ಬಿಟ್ಟುಕೊಡುತ್ತದೆ. ಹಾಗಾಗಿ ಕಡಿಮೆ ಧೂಳು ಬಿದ್ದ ಪೀಟ್ ನೆಲದ ಹಾಲು ಹೆಚ್ಚು ಧೂಳು ಬಿದ್ದ ಜೇಡಿನೆಲದ ಹಾಲಿಗಿಂತ ಕೆಟ್ಟದ್ದಾಗಿರಬಹುದು. ಮಾಲಿನ್ಯದ ನಕ್ಷೆಯಲ್ಲಿ ಬಣ್ಣ ನೋಡಿ ಹಳ್ಳಿ ಆರಿಸುವ ಸಂಘಗಳು ಎಡವುವುದು ಇಲ್ಲಿಯೇ.

ಇದಕ್ಕೆ ಮದ್ದು ಇದೆ, ಅಗ್ಗವಾಗಿಯೂ ಇದೆ. ಫೆರೋಸಿನ್ ಎಂಬ ಪ್ರಶ್ಯನ್ ನೀಲಿ ಪುಡಿಯನ್ನು ಮೇಣ ಮತ್ತು ಬರೈಟ್ ಎಂಬ ಭಾರದ ಖನಿಜದ ಜೊತೆ ಒತ್ತಿ ಗುಳಿಗೆ ಮಾಡುತ್ತಾರೆ. ಹಸುವಿನ ತಲೆ ಎತ್ತಿ ಹಿಡಿದು, ನಾಲಿಗೆಯ ಬುಡದಾಚೆಗೆ ಕೊಳವೆಯಿಂದ ಎರಡು ಮೂರು ಗುಳಿಗೆ ತಳ್ಳಬೇಕು. ಮುಂದಕ್ಕೆ ಬಿಟ್ಟರೆ ಉಗುಳಿಬಿಡುತ್ತದೆ. ತೂಕ ಇರುವುದರಿಂದ ಗುಳಿಗೆ ಹೊಟ್ಟೆಯ ತಳದಲ್ಲೇ ಕೂತು ಎರಡು ಮೂರು ತಿಂಗಳು ನಿಧಾನವಾಗಿ ಸವೆಯುತ್ತದೆ, ಮೇವಿನ ಸೀಸಿಯಂ ಅನ್ನು ಹಿಡಿದು ಸಗಣಿಯಲ್ಲಿ ಕಳಿಸುತ್ತದೆ. ಹಾಲಿನ ಸೀಸಿಯಂ ಅರ್ಧಕ್ಕಿಂತ ಹೆಚ್ಚು ಇಳಿಯುತ್ತದೆ. ನಾರ್ವೆಯವರು ಕುರಿ, ಹಿಮಸಾರಂಗಗಳಿಗೂ ಇದೇ ಪುಡಿ ಬಳಸಿದರು. ಹುಲ್ಲುಗಾವಲಿಗೆ ಪೊಟ್ಯಾಷ್ ಗೊಬ್ಬರ ಹಾಕಿದರೆ ಬೇರು ಸೀಸಿಯಂ ಬದಲು ಪೊಟ್ಯಾಸಿಯಂ ಹೀರುತ್ತದೆ. ಮನೆಯೊಳಗೂ ಮಾಡುವುದಿದೆ. ಸೀಸಿಯಂ ಹಾಲಿನ ನೀರಿನಂಶದಲ್ಲಿ ಉಳಿಯುವುದರಿಂದ ಬೆಣ್ಣೆಗೆ ಬರುವುದು ಬಹಳ ಕಡಿಮೆ. ಅಣಬೆಯನ್ನು ಉಪ್ಪುನೀರಿನಲ್ಲಿ ಕುದಿಸಿ, ಬಸಿದು, ಹೊಸ ನೀರಿನಲ್ಲಿ ಮತ್ತೆ ಕುದಿಸಿದರೆ ದೊಡ್ಡ ಪಾಲು ಬಸಿದ ನೀರಿನ ಜೊತೆ ಹೋಗುತ್ತದೆ. ಒಂದು ಹಸುವಿಗೆ ಗುಳಿಗೆ ಹಾಕಿದರೆ ಆ ಮನೆಯ ಎಲ್ಲ ಮಕ್ಕಳಿಗೂ, ಬಸುರಿ ತಾಯಿಗೂ ಲಾಭ. ವಿಮಾನದ ಸೀಟು ಸಿಗುವುದು ಒಂದು ಮಗುವಿಗೆ ಮಾತ್ರ.

ಪ್ರಚಾರದ ಮಾತುಗಳ ಬಗ್ಗೆಯೂ ಹೇಳಲೇಬೇಕು. ಒಂದು ರಜೆ ಮಗುವಿನ ಆಯಸ್ಸಿಗೆ ಎರಡು ವರ್ಷ ಸೇರಿಸುತ್ತದೆ ಎಂದು ಚಂದಾ ಪತ್ರಗಳು ಹೇಳುತ್ತ ಬಂದವು. ಹಾಗೆ ತೋರಿಸುವ ಗಟ್ಟಿ ಆಧಾರ ಇಲ್ಲ. ಮಕ್ಕಳ ಥೈರಾಯ್ಡ್ ಕ್ಯಾನ್ಸರ್ ಚೆರ್ನೋಬಿಲ್‌ನ ನಿಜವಾದ, ಘೋರವಾದ ಹೊಡೆತ. ಆದರೆ ಅದಕ್ಕೆ ಕಾರಣವಾದ ಅಯೋಡಿನ್-131ರ ಅರ್ಧಾಯುಷ್ಯ ಎಂಟೇ ದಿನ. 1986ರ ವಸಂತದಲ್ಲಿ ಆ ಹಾಲು ಕುಡಿದವರಿಗೆ ತಗುಲಿದ ಕಾಯಿಲೆ ಅದು. ಹತ್ತಿಪ್ಪತ್ತು ವರ್ಷದ ನಂತರ ಹುಟ್ಟಿದವರನ್ನು ಅದರ ಹೆಸರಿನಲ್ಲಿ ಕರೆಸುವುದು ತಪ್ಪು. ವಿಕಿರಣದ ಪ್ರಮಾಣವನ್ನೇ ನೋಡಿದರೂ, ಮಾಲಿನ್ಯ ಪ್ರದೇಶದ ಬಹುಪಾಲು ಜನರಿಗೆ ಚೆರ್ನೋಬಿಲ್‌ನಿಂದ ಬರುತ್ತಿದ್ದ ಹೆಚ್ಚುವರಿ ವಿಕಿರಣ 2000ದ ದಶಕದ ಹೊತ್ತಿಗೆ ವರ್ಷಕ್ಕೆ 1 ಮಿಲಿಸೀವರ್ಟ್‌ಗಿಂತ (ಮೈಗೆ ತಗಲುವ ವಿಕಿರಣವನ್ನು ಅಳೆಯುವ ಮಾನ) ಕೆಳಗೆ ಇಳಿದಿತ್ತು. ನೆಲದಿಂದ ಮನೆಯೊಳಗೆ ಸೇರುವ ರೇಡಾನ್ ಎಂಬ ವಿಕಿರಣ ಅನಿಲವೂ ಸೇರಿ ಐರ್ಲೆಂಡಿನವರಿಗೆ ಎಲ್ಲ ಮೂಲಗಳಿಂದ ಸಿಗುವುದು ವರ್ಷಕ್ಕೆ ಸರಾಸರಿ 4 ಮಿಲಿಸೀವರ್ಟ್. ಮಾನಸಿಕ ಆರೋಗ್ಯದ ಮಾತು ಹೇಳಲು ಚೆರ್ನೋಬಿಲ್ ಫೋರಂ ವರದಿಯನ್ನು ಉಲ್ಲೇಖಿಸುವವರು ಅದರ ಇನ್ನೊಂದು ಮಾತನ್ನೂ ಓದಬೇಕು. ಜನರನ್ನು ಸದಾ ಸಂತ್ರಸ್ತರೆಂದು ಕರೆದದ್ದರಿಂದಲೇ ಅವರು ತಮ್ಮ ಕೈಲಿ ಏನೂ ಇಲ್ಲ ಎಂದು ಕೈಚೆಲ್ಲಿದರು ಎಂದು ಅದು ಹೇಳಿತು. ಪ್ರತಿ ಬೇಸಿಗೆ ವಿಮಾನ ಹತ್ತಿಸುವಾಗ ಮಗುವಿಗೆ ನಾವು ಹೇಳುತ್ತಿರುವುದು ನಿನ್ನ ಊರು ವಿಷ, ನೀನು ರೋಗಿ ಎಂದೇ.

ಎಲ್ಲಕ್ಕಿಂತ ಕಳವಳ ಹುಟ್ಟಿಸುವುದು ಅನಾಥಾಲಯದ ಮಕ್ಕಳ ವಿಷಯ. ಮನೆಯೇ ಇಲ್ಲದ ಮಗುವಿಗೆ ಒಂದು ತಿಂಗಳು ತಾಯಿ, ತಂದೆ, ಸ್ವಂತ ಕೋಣೆ ಕೊಟ್ಟು ಮೂವತ್ತನೇ ದಿನ ವಾಪಸ್ ಕಳಿಸುತ್ತೇವೆ, ಮುಂದಿನ ವರ್ಷ ಮತ್ತೆ ಅದನ್ನೇ ಮಾಡುತ್ತೇವೆ. 2006ರಲ್ಲಿ ಇಟಲಿಯ ದಂಪತಿಯೊಬ್ಬರು ಅನಾಥಾಲಯದ ಹುಡುಗಿಯನ್ನು ವಾಪಸ್ ಕಳಿಸದೆ ಬಚ್ಚಿಟ್ಟರು, ಎರಡು ದೇಶಗಳ ನಡುವೆ ಅದು ರಾಜತಾಂತ್ರಿಕ ರಗಳೆಯಾಯಿತು. 2008ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋದ ಹದಿಹರೆಯದ ಹುಡುಗಿಯೊಬ್ಬಳು ಮರಳಲು ಒಪ್ಪಲಿಲ್ಲ. ಮಕ್ಕಳು ವಾಪಸಾಗುವ ಖಾತ್ರಿಗೆ ಸರ್ಕಾರಗಳ ನಡುವೆ ಒಪ್ಪಂದ ಆಗುವ ತನಕ ಬೆಲಾರೂಸ್ ಎಲ್ಲ ಪ್ರವಾಸಗಳನ್ನೂ ತಡೆಯಿತು. ಐರ್ಲೆಂಡ್ ಕೂಡ ಅಂಥ ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು. ಸಾವಿರಾರು ಮಕ್ಕಳ ಆರೈಕೆ ಒಬ್ಬ ಅಧ್ಯಕ್ಷನ ಕೋಪ ಮತ್ತು ಒಂದು ವೀಸಾ ಮೊಹರಿನ ಮೇಲೆ ನಿಂತಿತ್ತು ಎಂಬುದು ಆಗಲೇ ತಿಳಿಯಿತು. ಕೋವಿಡ್ ಬಂದಾಗ, ಯುದ್ಧ ಬಂದಾಗ ಮತ್ತೆ ಅದೇ ಆಯಿತು.

ಯಾರು ಹೋಗಬೇಕು ಎಂಬ ಆಯ್ಕೆಯೂ ಸುಲಭದ್ದಲ್ಲ. ಪಟ್ಟಿ ತಯಾರಿಸುವುದು ಶಾಲೆಯವರೋ ಸ್ಥಳೀಯ ಅಧಿಕಾರಿಗಳೋ ಆದರೆ, ಕಾಗದಪತ್ರ ಸರಿಯಾಗಿರುವ, ಪಾಸ್‌ಪೋರ್ಟ್ ಮಾಡಿಸಬಲ್ಲ, ಮಾತನಾಡಬಲ್ಲ ಮನೆಯ ಮಕ್ಕಳೇ ಮೇಲೆ ಬರುತ್ತಾರೆ. ಕುಡುಕ ತಂದೆಯ ಸಹಿ ಸಿಗದ ಮಗು ಉಳಿದುಬಿಡುತ್ತದೆ. ಆ ಮಗು ತಿನ್ನುವುದೇ ಕಾಡಿನ ಅಣಬೆ.

ರಜೆಯೇ ಬೇಡವೆಂದಲ್ಲ. ಬೆಲಾರೂಸ್‌ನ ವಿಲೇಯ್ಕಾ ಬಳಿ ಜರ್ಮನ್ ಸಂಘಟನೆಗಳ ಪಾಲುದಾರಿಕೆಯಲ್ಲಿ ಕಟ್ಟಿ 1994ರಲ್ಲಿ ತೆರೆದ 'ನಾದೆಝ್ದಾ' ಕೇಂದ್ರ ಇದೆ. ಮಾಲಿನ್ಯವಿಲ್ಲದ ಕಾಡಿನ ನಡುವೆ, ಶಾಲೆಯ ಇಡೀ ತರಗತಿಯೇ ತನ್ನ ಶಿಕ್ಷಕರ ಜೊತೆ ಬಂದು ಮೂರು ವಾರಕ್ಕೂ ಮೀರಿ ಇರುತ್ತದೆ. ಪಾಠ ತಪ್ಪುವುದಿಲ್ಲ, ಭಾಷೆಯ ತೊಡಕಿಲ್ಲ, ವೀಸಾ ಬೇಡ, ಆಯ್ಕೆಯ ಜಗಳವೂ ಇಲ್ಲ. ಏಡಿ ರೋಶ್ ಅವರ ಸಂಸ್ಥೆಯೇ ಮುಂದೆ ಬೆಲಾರೂಸ್‌ನಲ್ಲಿ ಮನೆಗಳನ್ನು ಕೊಂಡು, ಅನಾಥಾಲಯದ ಮಕ್ಕಳನ್ನು ಅಲ್ಲಿನವರೇ ಆದ ಸಾಕು ತಂದೆ-ತಾಯಿಯ ಜೊತೆ ಕೂಡಿಸುವ ಕೆಲಸಕ್ಕೆ ಇಳಿಯಿತು. ಊರಿನ ಸಂಘವೊಂದು ಹತ್ತು ಟಿಕೆಟ್‌ಗಾಗಿ ಕೂಡಿಸಿದ ದುಡ್ಡನ್ನು ಒಂದು ಹಳ್ಳಿಗೆ ಮೂರು ವರ್ಷ ಕಟ್ಟಿಹಾಕಲಿ. ಮೊದಲ ತಿಂಗಳು ಪ್ರತಿ ಹಿತ್ತಿಲಿನ ಹಾಲು ಅಳೆಸಿ ಅಂಕಿಯನ್ನು ಆಯಾ ಮನೆಯವರ ಕೈಗೇ ಕೊಡಲಿ. ಲೀಟರಿಗೆ 100 ಬೆಕೆರೆಲ್ ದಾಟಿದ ಹಸುಗಳಿಗೆ ಮೇಯಲು ಬಿಡುವ ಮುನ್ನ ಗುಳಿಗೆ ಹಾಕಿಸಿ, ಎರಡೂವರೆ ತಿಂಗಳಿಗೆ ಮತ್ತೆ ಹಾಕಿಸಲಿ. ಶಾಲೆಯ ಒಂದು ತರಗತಿಯನ್ನು ವರ್ಷಕ್ಕೊಮ್ಮೆ ನಾದೆಝ್ದಾದಂಥ ಕಡೆಗೆ ಕಳಿಸಲಿ. ಮೂರನೇ ವರ್ಷ ಅದೇ ಹಿತ್ತಿಲುಗಳ ಹಾಲನ್ನು ಮತ್ತೊಮ್ಮೆ ಅಳೆಸಲಿ.