ಗುಲಾಬಿ, ಗಿಳಿಹಸಿರು ಎಲ್ಲಾ ಸರಿ, ನೆಲ ನೋಡಿದ್ರಾ?

ಈಗ ಯಾವ ಹೊಸ ಫ್ಲ್ಯಾಟಿನ ಫೋಟೋ ನೋಡಿದರೂ ಬೂದಿ, ಬೀಜ್, ಆಮೇಲೆ ಇನ್ನೊಂದು ಥರದ ಬೂದಿ. ಕೇಳಿದರೆ "ಕ್ಲಾಸಿ" ಅಂತಾರೆ. ಬಣ್ಣ ಅಂದರೆ ಭಯ ಅಂತ ನೇರವಾಗಿ ಹೇಳಬಹುದಲ್ವಾ! ಇವುಗಳ ಮಧ್ಯೆ ಅಮೆರಿಕದ ಒಳಾಂಗಣ ವಿನ್ಯಾಸಕಿ ಡೊರೊಥಿ ಡ್ರೇಪರ್ ಮಾಡಿದ ಒಂದು ಕೋಣೆಯ ಚಿತ್ರ ಕಂಡರೆ ಕಣ್ಣು ಒಮ್ಮೆ ಬೆಚ್ಚುತ್ತದೆ. ಬದನೆಕಾಯಿ ನೇರಳೆಯ ಪಕ್ಕ ಗುಲಾಬಿ. ಗಿಳಿಹಸಿರಿನ ಪಕ್ಕ ಟರ್ಕಾಯ್ಸ್ ನೀಲಿ. ಪರದೆಯ ಮೇಲೆ ಎಲೆಕೋಸಿನಷ್ಟು ದಪ್ಪ ಗುಲಾಬಿ ಹೂವು.

ಆದರೆ ನನ್ನ ತಕರಾರು ಬೂದಿಯವರ ಮೇಲಲ್ಲ, ಡ್ರೇಪರ್ ಅಭಿಮಾನಿಗಳ ಮೇಲೆ. ಗುಲಾಬಿ ಗೋಡೆ ಬಳಿದು, ಎದುರಿಗೆ ಬಾಳೆಎಲೆ ವಾಲ್‌ಪೇಪರ್ ಅಂಟಿಸಿ "ಡ್ರೇಪರ್ ಸ್ಟೈಲ್" ಅಂತ ಹಾಕ್ತಾರಲ್ಲ, ಅವರು ಆಕೆಯ ಅರ್ಧ ಕೆಲಸವನ್ನಷ್ಟೇ ನೋಡಿದ್ದಾರೆ.

ಪರಿಚಯ ಇಲ್ಲದವರಿಗೆ ಎರಡು ಮಾತು. ಹುಟ್ಟಿದ್ದು 1889ರಲ್ಲಿ, ನ್ಯೂಯಾರ್ಕ್ ಹತ್ತಿರದ ಟಕ್ಸೀಡೊ ಪಾರ್ಕ್ ಎಂಬ ಶ್ರೀಮಂತರ ಬಡಾವಣೆಯಲ್ಲಿ. ಡಿಸೈನ್ ಓದಿದವಳಲ್ಲ. 1925ರಲ್ಲಿ ಸ್ವಂತ ಕಂಪನಿ ತೆಗೆದಳು. ದುಡ್ಡು, ಹೆಸರು, ಪರಿಚಯ ಎಲ್ಲಾ ಇದ್ದ ಮನೆತನ, ಹಾಗಾಗಿ ಧೈರ್ಯ ಸ್ವಲ್ಪ ಸುಲಭವಾಗಿಯೇ ಬಂತು ಅನ್ನಿ. ಆಗಿನ ಸಿರಿವಂತರ ಮನೆಗಳು ಹೇಗಿದ್ದವು ಅಂದರೆ ಹಳೇ ಫ್ರೆಂಚ್ ಅರಮನೆಯದೋ ಇಂಗ್ಲಿಷ್ ಬಂಗಲೆಯದೋ ನಕಲು, ಕಂದು ಮರ, ಮಂಕು ಬೆಳಕು. ಅಂಥ ಕಾಲದಲ್ಲಿ ಈಕೆ ಬಣ್ಣದ ಡಬ್ಬಿ ಹಿಡಿದು ನಿಂತಳು.

ಸಟನ್ ಪ್ಲೇಸ್ ಕಥೆ ನನಗೆ ಬಹಳ ಇಷ್ಟ. ನ್ಯೂಯಾರ್ಕಿನಲ್ಲಿ ಒಂದು ಸಾಲು ಹಳೇ ಬಾಡಿಗೆ ಮನೆಗಳು. ಕೆಡವಿ ಕಟ್ಟುವ ಬದಲು ಹೊರಗೋಡೆಗೆಲ್ಲ ಕಪ್ಪು ಬಳಿಸಿದಳು, ಅಂಚಿಗೆ ಬಿಳಿ, ಬಾಗಿಲಿಗೆ ಮಾತ್ರ ಒಂದೊಂದಕ್ಕೆ ಒಂದೊಂದು ಗಾಢ ಬಣ್ಣ. ಅಷ್ಟೇ. ಆಮೇಲೆ ಅಲ್ಲಿ ಬಾಡಿಗೆ ಏರಿತು! ಬಣ್ಣಕ್ಕೆ ಖರ್ಚು ಕಡಿಮೆ, ಕಟ್ಟಡಕ್ಕೆ ಜಾಸ್ತಿ, ಈ ಲೆಕ್ಕ ಆಕೆಗೆ ಚೆನ್ನಾಗಿ ಗೊತ್ತಿತ್ತು.

ಇಲ್ಲಿ ಗಮನಿಸಬೇಕಾದದ್ದು ಬಾಗಿಲಿಗಿಂತ ಹೆಚ್ಚಾಗಿ ಗೋಡೆ. ಅಷ್ಟು ಕಪ್ಪು, ಅಷ್ಟು ಬಿಳಿ ಇದ್ದದ್ದಕ್ಕೇ ಆ ಬಾಗಿಲುಗಳು ಹಾಗೆ ಹೊಳೆದವು. ಹೊಳಪಿನ ಕಪ್ಪು, ಹೊಳಪಿಲ್ಲದ ಬಿಳಿ, ಈ ಜೋಡಿ ಆಕೆಯ ಕೆಲಸದಲ್ಲಿ ಮತ್ತೆ ಮತ್ತೆ ಬರುತ್ತದೆ. ನೆಲಕ್ಕೆ ಚದುರಂಗದ ಹಾಸು. ಬಾಗಿಲ ಮೇಲೆ, ಕನ್ನಡಿ ಸುತ್ತ ದೊಡ್ಡ ದೊಡ್ಡ ಬಿಳಿ ಪ್ಲಾಸ್ಟರ್ ಬಳ್ಳಿ. ಇವೆಲ್ಲ ಸೇರಿ ತಾಳ ಹಾಕುವುದರಿಂದಲೇ ಗುಲಾಬಿ, ಹಸಿರು, ಕೆಂಪು ಅಷ್ಟು ಜೋರಾಗಿ ಹಾಡಿದರೂ ಶ್ರುತಿ ತಪ್ಪುವುದಿಲ್ಲ. ನಂಬಿಕೆ ಬರದಿದ್ದರೆ ಆಕೆಯೇ ಸಿಂಗರಿಸಿದ ಗ್ರೀನ್‌ಬ್ರೈಯರ್ ಹೋಟೆಲಿನ ಲಾಬಿಯ ಯಾವುದಾದರೂ ಫೋಟೋ ತೆಗೆದು, ನೆಲದ ಭಾಗವನ್ನು ಕೈಯಿಂದ ಮುಚ್ಚಿ ನೋಡಿ. ಸುಮ್ನೆ ಗದ್ದಲ ಅನ್ನಿಸುತ್ತದೆ.

ಗ್ರೀನ್‌ಬ್ರೈಯರ್ ಇರುವುದು ವೆಸ್ಟ್ ವರ್ಜೀನಿಯಾದಲ್ಲಿ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಆ ಹೋಟೆಲನ್ನು ಆಸ್ಪತ್ರೆ ಮಾಡಿಕೊಂಡಿತ್ತು, 20,000ಕ್ಕೂ ಹೆಚ್ಚು ಸೈನಿಕರಿಗೆ ಅಲ್ಲಿ ಚಿಕಿತ್ಸೆ ಆಯಿತು. 1946ರಲ್ಲಿ ಅದರ ಹಳೇ ಮಾಲೀಕರಾದ ರೈಲ್ವೆ ಕಂಪನಿ ಅದನ್ನು ವಾಪಸ್ ಕೊಂಡು ಡ್ರೇಪರ್ ಕೈಗೆ ಒಪ್ಪಿಸಿತು. ಯುದ್ಧದ ಗಾಯಾಳುಗಳು ಮಲಗಿದ್ದ ಕಟ್ಟಡಕ್ಕೆ ರಜೆ ಕಳೆಯಲು ಜನ ಬರಬೇಕು. ಅಲ್ಲಿ ತಿಳಿ ಬಣ್ಣ ಹಚ್ಚಿದ್ದರೆ ಮತ್ತೆ ವಾರ್ಡೇ ನೆನಪಾಗುತ್ತಿತ್ತು ಅಂತ ನನ್ನ ಗುಮಾನಿ. ಆಕೆ ಅಗಲ ಪಟ್ಟೆ, ಹಸಿರು, ಗುಲಾಬಿ, ಕೆಂಪು ಎಲ್ಲಾ ತಂದಳು. ಆ ರಾಜ್ಯದ ಹೂವಾದ ರೋಡೊಡೆಂಡ್ರಾನನ್ನು ಬಟ್ಟೆಯ ಮೇಲೆ ಅಚ್ಚು ಹಾಕಿಸಿದಳು. ಕೆಲಸಗಾರರ ಸಮವಸ್ತ್ರ, ಬೆಂಕಿಪೊಟ್ಟಣ ಕೂಡ ಆಕೆಯ ವಿನ್ಯಾಸವೇ. 1948ರಲ್ಲಿ ಹೋಟೆಲ್ ಮತ್ತೆ ತೆರೆದಾಗ ಬ್ರಿಟನ್ನಿನ ಮಾಜಿ ದೊರೆ ವಿಂಡ್ಸರ್ ಡ್ಯೂಕ್, ಗಾಯಕ ಬಿಂಗ್ ಕ್ರಾಸ್ಬಿ ಎಲ್ಲಾ ಬಂದಿದ್ದರು. (ಮುಂದೆ ಇದೇ ಹೋಟೆಲಿನ ಕೆಳಗೆ ಅಮೆರಿಕದ ಸಂಸತ್ತಿಗಾಗಿ ಅಣುಯುದ್ಧದ ಬಂಕರ್ ಕಟ್ಟಿದರು, 1992ರವರೆಗೆ ಗುಟ್ಟಾಗಿತ್ತು. ಮೇಲೆ ಅಷ್ಟು ಹೂವು, ಕೆಳಗೆ ಕಾಂಕ್ರೀಟು!)

ಎಲ್ಲವೂ ನನಗೆ ಇಷ್ಟ ಅಂತಲ್ಲ. ಗೋಡೆಗೂ ಹೂವು, ಹಾಸಿಗೆಗೂ ಹೂವು, ಕುರ್ಚಿಗೂ ಹೂವು ಇರುವ ಕೋಣೆಯಲ್ಲಿ ನನಗಂತೂ ನಿದ್ದೆ ಬರಲಿಕ್ಕಿಲ್ಲ. ಲಾಬಿಗೆ ಹೊಂದುವುದು ಮಲಗುವ ಕೋಣೆಗೂ ಹೊಂದಬೇಕು ಅಂತೇನಿಲ್ಲ. ಹೋಟೆಲಿಗೆ ನಾಲ್ಕು ದಿನ ಇರೋಕೆ ಹೋಗ್ತೀವಿ, ಬೆಚ್ಚಿಬಿದ್ದರೆ ಖುಷಿ. ಮನೆಯಲ್ಲಿ ದಿನಾ ಬೆಳಿಗ್ಗೆ ಬೆಚ್ಚಿಬೀಳೋದು ಕಷ್ಟ.

1954ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೂ ಒಂದು ರೆಸ್ಟೊರೆಂಟ್ ಮಾಡಿಕೊಟ್ಟಳು. ಪಕ್ಷಿಪಂಜರದಂಥ ದೊಡ್ಡ ದೀಪಗುಚ್ಛಗಳು, ನಡುವೆ ಕೊಳ. ಜನ ಅದನ್ನು ಡೊರೊಥಿಯಮ್ ಅಂತಲೇ ಕರೆದರು. ಆಮೇಲೆ ಮ್ಯೂಸಿಯಂನವರು ಅದನ್ನು ತೆಗೆದುಹಾಕಿದರು. ಗ್ರೀನ್‌ಬ್ರೈಯರ್‌ನವರು ಮಾತ್ರ ಆಕೆಯ ಶಿಷ್ಯ ಕಾರ್ಲ್‌ಟನ್ ವಾರ್ನಿ ಕೈಯಲ್ಲಿ ಅದೇ ಜೋರು ಬಣ್ಣಗಳನ್ನು ದಶಕಗಳ ಕಾಲ ಉಳಿಸಿಕೊಂಡರು. ಆಶ್ಚರ್ಯ ಏನಿಲ್ಲ ಬಿಡಿ. ಮ್ಯೂಸಿಯಂಗೆ ಬಂದವರು ಗೋಡೆಗೆ ತೂಗುಹಾಕಿದ್ದನ್ನು ನೋಡಬೇಕು, ಡ್ರೇಪರ್ ಗೋಡೆ ಇದ್ದ ಕಡೆ ಬೇರೇನೂ ಕಣ್ಣಿಗೆ ಬೀಳೋದಿಲ್ಲ.