ಬಿಳಿ ಪಂಚೆಯ ಮೇಲೆ ಮುಕ್

ವಿಯೆಟ್ನಾಂ ಭಾಷೆಯಲ್ಲಿ ಸ್ಕ್ವಿಡ್ ಅನ್ನೋ ಸಮುದ್ರಜೀವಿಗೂ ಶಾಯಿಗೂ ಒಂದೇ ಪದ: ಮುಕ್. ಇದು ನನಗೆ ಗೊತ್ತಾಗಿದ್ದು ಅಡುಗೆ ಮುಗಿದ ಮೇಲೆ. ಮೊದಲೇ ಗೊತ್ತಿದ್ದಿದ್ದರೆ ಆ ಭಾನುವಾರ ಬಿಳಿ ಪಂಚೆ ಉಟ್ಟು ಅಡುಗೆಮನೆಗೆ ಕಾಲಿಡುತ್ತಿರಲಿಲ್ಲ.

ಎಲ್ಲ ಶುರುವಾಗಿದ್ದು ವಿಯೆಟ್ನಾಂನ ಕಡಲತೀರದ ಊರು ಡಾನಾಂಗ್‌ನಲ್ಲಿ. ರಾತ್ರಿ ಹೊತ್ತು ಸಮುದ್ರದ ಮೇಲೆ ಸಾಲುದೀಪ. ಸ್ಕ್ವಿಡ್ ಬೆಳಕಿಗೆ ಮೇಲೆ ಬರುತ್ತದೆ, ದೋಣಿಯವರು ಅದಕ್ಕೇ ದೀಪ ಹಾಕಿಕೊಂಡು ಕಾಯುತ್ತಾರೆ. ದಡದಲ್ಲಿ ಅಂಗನವಾಡಿ ಅಳತೆಯ ಪ್ಲಾಸ್ಟಿಕ್ ಸ್ಟೂಲು. ಮಂಡಿ ಗಲ್ಲಕ್ಕೆ ತಾಗಿಸಿಕೊಂಡು ಕೂತು ತಿಂದ ‘ಮುಕ್ ಚಿಯೆನ್ ನುವೊಕ್ ಮಾಮ್’ ನಾಲಿಗೆಯಿಂದ ಇಳಿಯಲೇ ಇಲ್ಲ. ಎಣ್ಣೆಯಲ್ಲಿ ಹುರಿದ ಸ್ಕ್ವಿಡ್, ಮೇಲೆ ಮೀನಿನ ಸಾಸು, ಸಕ್ಕರೆ, ಬೆಳ್ಳುಳ್ಳಿ, ಮೆಣಸಿನಕಾಯಿ. ಇಷ್ಟೇನಾ, ನಾನೇ ಮಾಡ್ತೀನಿ ಅಂದುಬಿಟ್ಟೆ.

ಹೆಂಡತಿ ಮಲ್ಪೆಯವಳು. ಅವಳಿಗೆ ಅದು ಸ್ಕ್ವಿಡ್ ಅಲ್ಲ, ಬೊಂಡಾಸ್. “ಬೊಂಡಾಸಿಗೆ ಸಕ್ಕರೆ ಹಾಕುದಾ ಮಾರಾಯ್ರೆ?” ಅಂದವಳು ಕುರ್ಚಿ ಎಳೆದುಕೊಂಡು ಬಾಗಿಲಲ್ಲೇ ಕೂತಳು, ಯಕ್ಷಗಾನ ನೋಡೋಕೆ ಕೂತ ಹಾಗೆ.

ತಲೆ ಹಿಡಿದು ಎಳೆದೆ. ಒಳಗಿಂದ ಗಾಜಿನಂಥ ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿ ಬಂತು. ಏನೇನೋ ತುಂಬಿ ಮಾರ್ತಾರೆ ಅಂತ ಮೀನಿನವನಿಗೆ ಬೈದೆ. “ಅದು ಅದರದ್ದೇ ಮುಳ್ಳು” ಅಂದಳು. ಆಮೇಲೆ ಬೆಳ್ಳಿ ಬಣ್ಣದ ಪುಟ್ಟ ಚೀಲ ಕಾಣಿಸಿತು. ಏನಿರಬಹುದು ಅಂತ ಸುಮ್ನೆ ಒತ್ತಿದೆ. ಪಂಚೆ, ಟೈಲ್ಸು, ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಎರಡನೇ ವಾರ, ಎಲ್ಲ ಕಪ್ಪು.

ಮೀನಿನ ಸಾಸು ಅಂದರೆ ಸಣ್ಣ ಮೀನಿಗೆ ಉಪ್ಪು ಬೆರೆಸಿ ಮರದ ಪೀಪಾಯಿಯಲ್ಲಿ ಹೆಚ್ಚುಕಡಿಮೆ ಒಂದು ವರ್ಷ ಇಟ್ಟು ಇಳಿಸಿದ ರಸ. ಫು ಕ್ವೊಕ್ ದ್ವೀಪದ್ದಕ್ಕೆ ತುಂಬಾ ಹೆಸರು. ನಾನು ಮುಚ್ಚಳ ತೆಗೆದೆ, ಕೆಳಮನೆಯ ಕಿಟಕಿ ಧಡ್ ಅಂತ ಮುಚ್ಚಿತು. ಎರಡು ಚಮಚ ಸುರಿದೆ. ಅಭ್ಯಾಸಬಲ ನೋಡಿ, ಮೇಲೊಂದು ಚಿಟಿಕೆ ಉಪ್ಪನ್ನೂ ಉದುರಿಸಿದೆ.

ಅಷ್ಟರಲ್ಲಿ ಗ್ಯಾಸ್ ಸಿಲಿಂಡರಿನವನು ಓಟಿಪಿ ಕೇಳಿ ಫೋನ್ ಮಾಡಿದ. ಸ್ಕ್ವಿಡ್ ಬೇಯಿಸಿದರೆ ಎರಡು ನಿಮಿಷ, ಇಲ್ಲಾ ಮುಕ್ಕಾಲು ಗಂಟೆ. ನಡುವೆ ಬಿಟ್ಟರೆ ರಬ್ಬರ್. ನಾನು ಓಟಿಪಿ ಹುಡುಕಿ ಬರುವಷ್ಟರಲ್ಲಿ ಹತ್ತು ನಿಮಿಷ.

ಹೆಂಡತಿ ಉಂಗುರದಂಥ ಒಂದು ತುಂಡು ಬಾಯಿಗಿಟ್ಟು ಬಹಳ ಹೊತ್ತು ಜಗಿದಳು. ಹವಾಯಿ ಚಪ್ಪಲಿಯ ಬಾರು ಅಂತಾಳೆ ಅಂದುಕೊಂಡಿದ್ದೆ. “ಹೆಸರು ಮಾತ್ರ ಮುಕ್. ಮುಕ್ಕಲಿಕ್ಕೆ ಆಗುದಿಲ್ಲ” ಅಂದಳು. ರಾತ್ರಿ ಮೊಸರನ್ನ ತಿಂದೆವು.

ಸಾಸಿನ ಬಾಟಲಿಗೆ ಮೂರು ಕವರ್ ಸುತ್ತಿ ಫ್ರಿಜ್ಜಿನ ಮೂಲೆಗೆ ತಳ್ಳಿದ್ದೂ ಅವಳೇ. ಎರಡು ವಾರ ಕಳೆದು ಒಂದು ದಿನ ಅವಳ ಮೀನುಸಾರು ಯಾಕೋ ಭಾರಿ ರುಚಿಯಾಗಿತ್ತು. ತಟ್ಟೆ ತೊಳೆಯೋಕೆ ಎದ್ದವನು ಫ್ರಿಜ್ ತೆಗೆದು ನೋಡಿದೆ. ಬಾಟಲಿಗೆ ಕವರ್ ಒಂದೇ ಇತ್ತು. ಸಾಸು ಎರಡು ಬೆರಳು ಕೆಳಗಿಳಿದಿತ್ತು.