ಕ್ಯಾಚ್‌ವೇಟ್ ಪಂದ್ಯ: ನ್ಯಾಯವೋ, ಚೌಕಾಸಿಯೋ?

ವೃತ್ತಿಪರ ಬಾಕ್ಸಿಂಗ್‌ನಲ್ಲಿ ಸಾಮಾನ್ಯವಾಗಿ 17 ತೂಕದ ವಿಭಾಗಗಳಿವೆ. ಬೇರೆ ಬೇರೆ ವಿಭಾಗದ ಇಬ್ಬರು ಎದುರಾಗಬೇಕಾದಾಗ ನಡುವೆ ಎಲ್ಲೋ ಒಂದು ತೂಕಕ್ಕೆ ಮಾತಾಡಿಕೊಂಡು ಸಹಿ ಹಾಕುತ್ತಾರೆ. ಇದೇ ಕ್ಯಾಚ್‌ವೇಟ್. ಲೆಕ್ಕವೆಲ್ಲ ಪೌಂಡಿನಲ್ಲಿ, ಒಂದು ಪೌಂಡ್ ಅಂದರೆ ಸುಮಾರು 450 ಗ್ರಾಂ. ಈ ಏರ್ಪಾಡು ಸರಿಯೇ?

ಪರ: ಇಬ್ಬರೂ ಒಪ್ಪಿದ ಮೇಲೆ ಅನ್ಯಾಯ ಎಲ್ಲಿ?

ವಿಭಾಗದ ಗೆರೆಗಳನ್ನು ಎಳೆದವರು ಮನುಷ್ಯರೇ. ವೆಲ್ಟರ್‌ವೇಟ್‌ಗೆ ಗರಿಷ್ಠ 147 ಪೌಂಡ್, ಅದರ ಮೇಲೆ 154, ಆಮೇಲೆ ಮಿಡ್ಲ್‌ವೇಟ್ 160. ಹುಟ್ಟಾ 150 ಪೌಂಡಿನ ಮೈಕಟ್ಟಿನವನು ಎಲ್ಲಿಗೆ ಹೋಗಬೇಕು? ಕೆಳಗೆ ಹೋದರೆ ಉಪವಾಸ, ಮೇಲೆ ಹೋದರೆ ತನಗಿಂತ ದಪ್ಪ ಮೂಳೆಯವನ ಏಟು.

ನಡುವಿನ ತೂಕ ಬೇಡವೆಂದರೆ ಚಿಕ್ಕವನೇ ಪೂರ್ತಿ ಮೇಲೆ ಹತ್ತಬೇಕು. 2016ರ ಸೆಪ್ಟೆಂಬರ್‌ನಲ್ಲಿ ಲಂಡನ್‌ನಲ್ಲಿ ಕೆಲ್ ಬ್ರೂಕ್ ಹಾಗೇ ಮಾಡಿದ. 147ರಿಂದ ನೇರ 160ಕ್ಕೆ ಹೋಗಿ ಗೆನ್ನಡಿ ಗೊಲೊವ್ಕಿನ್ ಎದುರು ನಿಂತ. ಮೊದಲ ಸುತ್ತುಗಳಲ್ಲಿ ಚೆನ್ನಾಗಿಯೇ ಹೊಡೆದ. ಆದರೆ ಕಣ್ಣಿನ ಗೂಡಿನ ಮೂಳೆ ಮುರಿಯಿತು. ಐದನೇ ಸುತ್ತಿನಲ್ಲಿ ಅವನ ಕಡೆಯವರೇ ಟವೆಲ್ ಎಸೆದು ಪಂದ್ಯ ನಿಲ್ಲಿಸಿದರು.

ನಮ್ಮ ಮೇರಿ ಕೋಮ್ ಅವರ ಕಥೆಯೂ ಇಂಥದ್ದೇ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಇದ್ದದ್ದು 51, 60, 75 ಕೆಜಿ, ಈ ಮೂರೇ ವಿಭಾಗ. ಅವರ ತೂಕ 48ರ ಆಸುಪಾಸು. ಅಲ್ಲಿ ಚೌಕಾಸಿಗೆ ಜಾಗವಿಲ್ಲ. ಮೈ ಬೆಳೆಸಿಕೊಂಡು, ತಮಗಿಂತ ಎತ್ತರದವರ ಜೊತೆ ಆಡಿ ಕಂಚು ತಂದರು. ನಾವು ಚಪ್ಪಾಳೆ ಹೊಡೆದೆವು. ಆದರೆ ನಿಯಮ ಎಲ್ಲರಿಗೂ ಒಂದೇ ಇದ್ದ ಮಾತ್ರಕ್ಕೆ ಪಂದ್ಯ ಸರಿಸಮ ಆಗಿಬಿಟ್ಟಿತೇ?

ಇನ್ನು ಮ್ಯಾನಿ ಪಕಿಯಾವ್. 1998ರಲ್ಲಿ 112 ಪೌಂಡಿನ ಫ್ಲೈವೇಟ್ ಬೆಲ್ಟ್, ಅಂದರೆ ಚಾಂಪಿಯನ್ ಪಟ್ಟ, ಗೆದ್ದವನು 2010ರ ನವೆಂಬರ್‌ನಲ್ಲಿ ಟೆಕ್ಸಾಸ್‌ನಲ್ಲಿ ಆಂಟೋನಿಯೊ ಮಾರ್ಗರಿಟೊ ಜೊತೆ ಆಡಿದ. ಬೆಲ್ಟ್ 154 ಪೌಂಡಿನದು, ಒಪ್ಪಂದ 150ಕ್ಕೆ. ತೂಕ ಹಾಕುವುದು ಪಂದ್ಯದ ಹಿಂದಿನ ದಿನ; ಆಮೇಲೆ ತಿಂದು ಕುಡಿದು ಏರಿಸಿಕೊಳ್ಳಬಹುದು. 'ಮೋಸ' ಎಂದು ಕೂಗಾಡಿದವರು ರಿಂಗಿಗೆ ಇಳಿದ ರಾತ್ರಿಯ ತೂಕ ನೋಡಬೇಕು. ಮಾರ್ಗರಿಟೊ 165, ಪಕಿಯಾವ್ 148. ಹದಿನೇಳು ಪೌಂಡ್ ವ್ಯತ್ಯಾಸ! ಆ ನಾಲ್ಕು ಪೌಂಡ್ ರಿಯಾಯಿತಿಯೂ ಇಲ್ಲದಿದ್ದರೆ ಆತ ಇನ್ನೆಷ್ಟು ಏರಿಸಿಕೊಂಡು ಬರುತ್ತಿದ್ದನೋ. ಇಷ್ಟಾಗಿಯೂ ಗೆದ್ದದ್ದು ಪಕಿಯಾವ್; ಮುಖದ ಮೂಳೆ ಮುರಿದುಕೊಂಡವನು ದೊಡ್ಡವನು.

2013ರಲ್ಲಿ ಫ್ಲಾಯ್ಡ್ ಮೇವೆದರ್ ಜೊತೆ ಆಡಲು 23 ವರ್ಷದ ಕನೆಲೊ ಅಲ್ವಾರೆಜ್ 154ರ ಬದಲು 152ಕ್ಕೆ ಇಳಿದ. ಮೇವೆದರ್ ಬಂದದ್ದು 150.5ಕ್ಕೆ. ಆ ಪಂದ್ಯ ನೋಡಿದವರಿಗೆ ಗೊತ್ತು, ಕನೆಲೊ ಗಾಳಿಗೆ ಗುದ್ದುತ್ತಿದ್ದ. ಅವನನ್ನು ಸೋಲಿಸಿದ್ದು ಒಂದು ಕೆಜಿಗೂ ಕಮ್ಮಿ ತೂಕವಲ್ಲ, ಎದುರಿದ್ದವನ ಕಾಲು ಮತ್ತು ಕಣ್ಣು. ವಕೀಲರು, ಮ್ಯಾನೇಜರುಗಳು ಎಲ್ಲ ಜೊತೆಗಿದ್ದು, ಕೋಟಿಗಟ್ಟಲೆ ಹಣ ಪಡೆದು ಸಹಿ ಹಾಕಿದವರ ಪರವಾಗಿ ನಾವು ಸುಮ್ನೆ ಅಳುವುದು ಯಾಕೆ?

ವಿರೋಧ: ಆ ಸಂಖ್ಯೆ ಹೇಳುವವರು ಯಾರು?

ಸಹಿ ಇಬ್ಬರದೂ ಇರುತ್ತದೆ, ನಿಜ. ಆದರೆ ಮೊದಲು ಸಂಖ್ಯೆ ಹೇಳುವವನು ಒಬ್ಬನೇ. ಟಿಕೆಟ್ ಯಾರ ಹೆಸರಿನಲ್ಲಿ ಜಾಸ್ತಿ ಮಾರಾಟವಾಗುತ್ತದೋ ಅವನು. ದುಡ್ಡೇ ದೊಡ್ಡಪ್ಪ.

1988ರ ನವೆಂಬರ್‌ನಲ್ಲಿ ಶುಗರ್ ರೇ ಲಿಯೊನಾರ್ಡ್‌ಗೆ ಡಾನಿ ಲಲೊಂಡ್‌ನ ಲೈಟ್ ಹೆವಿವೇಟ್ ಬೆಲ್ಟ್ ಬೇಕಿತ್ತು. ಆ ವಿಭಾಗದ ಮಿತಿ 175. ಪಂದ್ಯ ಗೊತ್ತಾದದ್ದು 168ಕ್ಕೆ. ಯಾಕೆಂದರೆ 168ರ ಬೆಲ್ಟ್ ಕೂಡ ಖಾಲಿ ಬಿದ್ದಿತ್ತು. ಬೆಲ್ಟ್ ಕೊಡುವ ಸಂಸ್ಥೆಗಳಲ್ಲೊಂದಾದ ಡಬ್ಲ್ಯುಬಿಸಿ ಎರಡನ್ನೂ ಒಂದೇ ಪಂದ್ಯಕ್ಕೆ ಇಟ್ಟಿತು! ಚಾಂಪಿಯನ್ ತನ್ನದೇ ಬೆಲ್ಟ್ ಉಳಿಸಿಕೊಳ್ಳಲು ಏಳು ಪೌಂಡ್ ಕೆಳಗಿನ ತೂಕಕ್ಕೆ ಇಳಿಯಬೇಕಾಯಿತು. ಒಂಬತ್ತನೇ ಸುತ್ತಿನಲ್ಲಿ ಅವನ ಕಥೆ ಮುಗಿಯಿತು. ಬೆಲ್ಟ್ ಒಂದು ತೂಕದ್ದು, ಆಟ ಇನ್ನೊಂದು ತೂಕದ್ದು ಎಂದರೆ ಆ ಬೆಲ್ಟಿಗೆ ಏನು ಅರ್ಥ?

ಮಿಗೆಲ್ ಕೊಟೊನನ್ನೇ ನೋಡಿ. 2009ರಲ್ಲಿ ಅವನು ವೆಲ್ಟರ್‌ವೇಟ್ ಚಾಂಪಿಯನ್. ಪಕಿಯಾವ್ ಕಡೆಯವರು 145 ಎಂದರು. ಪಕಿಯಾವ್ ಹಿಂದಿನ ವರ್ಷವಷ್ಟೇ 147ರಲ್ಲಿ ಆಡಿ ಆಸ್ಕರ್ ಡೆ ಲಾ ಹೋಯಾನನ್ನು ಮಣಿಸಿದ್ದ. ಅವನಿಗೇನು ಆ ತೂಕ ಹೊಸದೇ? ಆದರೂ ಇಳಿಯಬೇಕಾದವನು ಕೊಟೊ. ಹನ್ನೆರಡನೇ ಸುತ್ತಿನಲ್ಲಿ ಸೋತ. 2015ರ ಹೊತ್ತಿಗೆ ಅದೇ ಕೊಟೊ ಮಿಡ್ಲ್‌ವೇಟ್ ಚಾಂಪಿಯನ್, ದೊಡ್ಡ ಹೆಸರು. ಈಗ ಅವನು ಡೇನಿಯಲ್ ಗೀಲ್‌ಗೆ 157ಕ್ಕೆ ಬಾ ಎಂದ. ಗೀಲ್ ನಾಲ್ಕನೇ ಸುತ್ತು ದಾಟಲಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತ ನಗಬಹುದು. ಆದರೆ ಎರಡು ಸಲವೂ ಷರತ್ತು ಬಂದದ್ದು ಮಾರುಕಟ್ಟೆ ಇದ್ದವನ ಕಡೆಯಿಂದ. ಚಿಕ್ಕವನಿಗೆ ರಕ್ಷಣೆ ಅನ್ನುವುದು ಬರೀ ನೆಪ.

ನಮ್ಮ ಮೈಸೂರು ದಸರಾ ಕುಸ್ತಿಯಲ್ಲೂ ಜೋಡಿ ಕಟ್ಟುತ್ತಾರೆ, ಅಲ್ವಾ? ಅಲ್ಲಿ ಇದು ನಿಮಗೆ ಸರಿಜೋಡಿ ಎಂದು ಹೇಳುವವರು ಹಿರಿಯ ಉಸ್ತಾದರು. ಪೈಲ್ವಾನನ ಮ್ಯಾನೇಜರ್ ಅಲ್ಲ.

'ಎರಡೇ ಪೌಂಡ್' ಅನ್ನುವವರು ಆ ಎರಡು ಪೌಂಡ್ ಎಲ್ಲಿಂದ ಬರುತ್ತದೆ ನೋಡಲಿ. ಕೊಬ್ಬು ಮೊದಲೇ ಕರಗಿರುತ್ತದೆ. ಉಳಿದದ್ದು ನೀರು. ಕೊನೆಯ ದಿನ ನೀರು ಬಂದ್. ಪ್ಲಾಸ್ಟಿಕ್ ಸೂಟ್ ಹಾಕಿಕೊಂಡು ಓಟ, ಸೌನಾದಲ್ಲಿ ಕೂತು ಬೆವರು, ಬಿಸಿನೀರಿನ ತೊಟ್ಟಿ, ಬಾಯಿಯ ಎಂಜಲನ್ನೂ ಬಾಟಲಿಗೆ ಉಗಿಯುವುದು. 1997ರಲ್ಲಿ ಅಮೆರಿಕದಲ್ಲಿ ಹೀಗೆ ತೂಕ ಇಳಿಸಲು ಹೋಗಿ ಸುಮಾರು ಒಂದು ತಿಂಗಳಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಸತ್ತರು. ಅಲ್ಲಿ ತಲೆಗೆ ಏಟೂ ಇರಲಿಲ್ಲ. ಬಾಕ್ಸರ್ ಹೀಗೆ ಒಣಗಿದ ಮರುದಿನವೇ ತಲೆಗೆ ಏಟು ತಿನ್ನಬೇಕು.

ಈಗ ಇದರ ಮೇಲೆ ಇನ್ನೊಂದು ಷರತ್ತು ಬಂದಿದೆ: ತೂಕ ಹಾಕಿಸಿದ ಮೇಲೂ ಇಷ್ಟಕ್ಕಿಂತ ಏರಬಾರದು. 2023ರಲ್ಲಿ 140ರಲ್ಲಿ ಆಡುತ್ತಿದ್ದ ರಯಾನ್ ಗಾರ್ಸಿಯಾ, ಜರ್ವಾಂಟಾ ಡೇವಿಸ್‌ಗಾಗಿ 136ಕ್ಕೆ ಇಳಿದ. ಪಂದ್ಯದ ಬೆಳಿಗ್ಗೆ ಮತ್ತೆ ತಕ್ಕಡಿ ಹತ್ತಬೇಕು, 146 ದಾಟಬಾರದು. ಅಂದರೆ ಬಾಯಾರಿದವನ ಎದುರು ನೀರಿಟ್ಟು ಅಳೆದು ಕುಡಿ ಅನ್ನುವುದು. ಏಳನೇ ಸುತ್ತಿನಲ್ಲಿ ಹೊಟ್ಟೆಗೆ ಬಿದ್ದ ಒಂದೇ ಏಟಿಗೆ ಗಾರ್ಸಿಯಾ ಮಂಡಿಯೂರಿದ. ಆ ಏಟು ಅದ್ಭುತವಾದದ್ದು, ಒಪ್ಪುತ್ತೇನೆ. ಆದರೆ ಷರತ್ತಿಲ್ಲದೆ ಅದೇ ಏಟು ಬಿದ್ದಿದ್ದರೆ ಯಾರೂ ಪಿಟಿಕ್ ಅನ್ನುತ್ತಿರಲಿಲ್ಲ.

2025ರ ಏಪ್ರಿಲ್‌ನಲ್ಲಿ ಲಂಡನ್‌ನಲ್ಲಿ ಕ್ರಿಸ್ ಯೂಬ್ಯಾಂಕ್ ಜೂನಿಯರ್ ಮತ್ತು ಕಾನರ್ ಬೆನ್ 160ರಲ್ಲಿ ಆಡಿದರು. ಅದು ಮಿಡ್ಲ್‌ವೇಟ್‌ನ ಮಾಮೂಲಿ ಮಿತಿಯೇ. ಆದರೆ ಪಂದ್ಯದ ಬೆಳಿಗ್ಗೆ 170 ದಾಟಬಾರದು ಎಂದಿತ್ತು. ಹಿಂದಿನ ದಿನದ ತೂಕದಲ್ಲಿ ಯೂಬ್ಯಾಂಕ್ 160.05 ಬಂದ. ಹೆಚ್ಚಿದ್ದದ್ದು ಸುಮಾರು 23 ಗ್ರಾಂ. ದಂಡ 3,75,000 ಪೌಂಡ್ ಹಣ. ನಮ್ಮ ನಾಲ್ಕು ಕೋಟಿ ರೂಪಾಯಿಗೂ ಜಾಸ್ತಿ. ಅವನೇ ಗೆದ್ದ, ಆದರೆ ಆ ರಾತ್ರಿ ಆಸ್ಪತ್ರೆಗೂ ಹೋಗಬೇಕಾಯಿತು.

ಬ್ರೂಕ್ ಹೆಸರು ಹೇಳಿ ಹೆದರಿಸುವವರಿಗೆ ಟೆರೆನ್ಸ್ ಕ್ರಾಫರ್ಡ್ ಇದ್ದಾನೆ. 2025ರ ಸೆಪ್ಟೆಂಬರ್ 13ರಂದು 154ರಿಂದ ಎರಡು ವಿಭಾಗ ದಾಟಿ 168ಕ್ಕೆ ಹೋಗಿ, ಕನೆಲೊನನ್ನು ಅವನ ಪೂರ್ತಿ ತೂಕದಲ್ಲೇ ಸೋಲಿಸಿದ. ಬೆಲ್ಟ್ ಬೇಕಿದ್ದವನು ಹೀಗೇ ಹೋಗಲಿ. ಆಗದು ಅನ್ನಿಸಿದರೆ ಹೋಗುವುದೇ ಬೇಡ. ಬೆಲ್ಟ್ ಇಲ್ಲದ ಪಂದ್ಯಕ್ಕೆ 155 ಮಾಡಿಕೊಳ್ಳಲಿ, 157 ಮಾಡಿಕೊಳ್ಳಲಿ, ಅವರಿಷ್ಟ. ಎರಡನೇ ದಿನ ತೂಕ ನೋಡುವುದು ತಪ್ಪಲ್ಲ. ಬೆಲ್ಟ್ ಕೊಡುವ ಇನ್ನೊಂದು ಸಂಸ್ಥೆ ಐಬಿಎಫ್ ತನ್ನ ಬೆಲ್ಟ್ ಪಂದ್ಯಗಳಲ್ಲಿ, ವಿಭಾಗದ ಮಿತಿಗಿಂತ ಹತ್ತು ಪೌಂಡಿಗೂ ಹೆಚ್ಚು ಏರಬಾರದೆಂದು ವರ್ಷಗಟ್ಟಲೆ ಹಾಗೆ ನೋಡಿದೆ. ಅದು ಇಬ್ಬರಿಗೂ ಮೊದಲೇ ಗೊತ್ತಿದ್ದ ನಿಯಮ. ಹಾಗೆ ನಿಯಮ ಮಾಡಲಿ, ಒಬ್ಬನ ಕರಾರುಪತ್ರದಲ್ಲಿ ತುರುಕುವುದು ಬೇಡ.